ಕುಂತಿಯ ದನಿ



ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನ ಸಣ್ಣ ಹಳ್ಳಿ. ಮನೆ ಮನೆಯಲ್ಲೂ ರೇಷ್ಮೆ ಹುಳು. ನಾನು ಎಂಟು ವರ್ಷದ ಹುಡುಗಿಯಾಗಿದ್ದಾಗ ಊರಿನವರು ಕುರುಕ್ಷೇತ್ರ ನಾಟಕ ಆಡಿದರು. ಮೂರು ತಿಂಗಳು ಶಾಲೆಯ ಜಗಲಿಯ ಮೇಲೆ ಪ್ರಾಕ್ಟೀಸು. ಹಾರ್ಮೋನಿಯಂ ಮೇಷ್ಟ್ರು ಚಿಂತಾಮಣಿ ಕಡೆಯವರು. ಕನ್ನಡದ ಮಟ್ಟು ಹೇಳಿಕೊಡುತ್ತಾ ತೆಲುಗಿನಲ್ಲಿ ಬೈಯುತ್ತಿದ್ದರು. ಪಾತ್ರಕ್ಕೆ ಇಷ್ಟು ಎಂದು ದುಡ್ಡು ಕಟ್ಟಿ ದುರ್ಯೋಧನ, ಭೀಮ, ಕರ್ಣ, ಶಕುನಿ ಆದವರೆಲ್ಲ ಊರಿನ ಗಂಡಸರೇ. ಹಗಲು ಹಿಪ್ಪುನೇರಳೆ ಸೊಪ್ಪು ಕೊಯ್ದು ರಾತ್ರಿ ಗದೆ ಹಿಡಿಯುವವರು. ದ್ರೌಪದಿ, ಕುಂತಿ, ರುಕ್ಮಿಣಿ ಮಾತ್ರ ಊರಲ್ಲಿ ಇರಲಿಲ್ಲ. ಅವರು ನಾಟಕದ ದಿನ ಸಾಯಂಕಾಲದ ಬಸ್ಸಿಗೆ ಬೆಂಗಳೂರಿನಿಂದ ಬಂದರು.

ಬಂದವರು ಇಬ್ಬರೇ ಹೆಂಗಸರು. ಒಬ್ಬರು ದ್ರೌಪದಿಗೆ. ಇನ್ನೊಬ್ಬರು ನಡುವಯಸ್ಸಿನವರು, ರುಕ್ಮಿಣಿಯಾಗಿ ಬಂದು ಹೋಗಿ, ಸೀರೆ ಬದಲಿಸಿ, ನಡುರಾತ್ರಿ ಕಳೆದ ಮೇಲೆ ಕುಂತಿಯಾಗಬೇಕು. ಅವರಿಗೆ ಊಟ ಕೊಡುವುದು ನಮ್ಮ ಮನೆಯ ಪಾಲಿಗೆ ಬಂದಿತ್ತು.

“ಊಟ ಮಾಡಿ ಅಕ್ಕಾ, ರಾತ್ರಿಯೆಲ್ಲಾ ನಿಂತಿರಬೇಕು” ಅಂದಳು ಅಮ್ಮ.

“ಹಾಡೋಕೆ ಮುಂಚೆ ತಿನ್ನಲ್ಲ ತಾಯಿ. ಒಂದು ಲೋಟ ಬಿಸಿನೀರು ಕೊಡಿ, ನಾಕು ಮೆಣಸು ಕೊಡಿ, ಸಾಕು” ಅಂದರು ಆಕೆ.

ಅಮ್ಮನಿಗೆ ನಾಟಕಕ್ಕೆ ಬರಲು ಆಗಲಿಲ್ಲ. ಅವತ್ತೇ ಹುಳು ಹಣ್ಣಾಗಿತ್ತು. ಹಣ್ಣಾದ ಹುಳುವನ್ನು ಹೊತ್ತು ಮೀರುವ ಮುಂಚೆ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ. “ನೀನು ಹೋಗಿ ನೋಡಿಕೊಂಡು ಬಾ, ನನಗೆ ಹೇಳು” ಎಂದು ನನ್ನನ್ನು ಕಳಿಸಿದಳು. ಹಾಗೆ ಹೇಳುವುದಕ್ಕಾಗಿ ನೋಡಿದ್ದರಿಂದಲೋ ಏನೋ, ಆ ರಾತ್ರಿಯ ಒಂದು ಸೀನು ನನಗೆ ಇವತ್ತಿಗೂ ಮರೆತಿಲ್ಲ. ನದಿಯ ದಂಡೆಯಲ್ಲಿ ಕರ್ಣ. ಹಿಂದಿನಿಂದ ಕುಂತಿ. ಮೂರು ತಿಂಗಳು ಕಲಿತಿದ್ದ ನಮ್ಮೂರ ಕರ್ಣ, ಎದುರಿಗೆ ನಿಜವಾದ ಹೆಂಗಸು ನಿಂತು “ಮಗನೇ” ಎಂದ ಕೂಡಲೇ ಮಾತು ಮರೆತುಬಿಟ್ಟ. ಹಾರ್ಮೋನಿಯಂ ಎರಡು ಸುತ್ತು ಸುತ್ತಿತು. ಪರದೆಯ ಹಿಂದಿನಿಂದ ಮೇಷ್ಟ್ರು ಪಿಸುಗುಟ್ಟಿದರೂ ಅವನ ಕಿವಿಗೆ ಬೀಳಲಿಲ್ಲ. ಆಗ ಆ ಹೆಂಗಸು ಹತ್ತಿರ ಹೋಗಿ ಅವನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡರು. ಜನ ಅತ್ತರು. ನಾನು ರಂಗದ ಬುಡದಲ್ಲೇ ಕೂತಿದ್ದೆ. ಆಕೆ ಅವನ ಕಿವಿಯಲ್ಲಿ ಅವನದೇ ಪದ್ಯದ ಮೊದಲ ಮಾತನ್ನು ಹೇಳಿಕೊಡುತ್ತಿದ್ದುದು ನನಗೆ ಕಾಣುತ್ತಿತ್ತು.

ಒಂದು ದಿನವೂ ಅವನ ಜೊತೆ ಪ್ರಾಕ್ಟೀಸು ಮಾಡದವರು ಅವನ ಮಾತನ್ನೂ ತಮ್ಮ ಮಾತಿನಷ್ಟೇ ಬಲ್ಲವರಾಗಿದ್ದರು. ಈ ಕಸುಬು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವರು ನಟಿ ಎಂ.ವಿ. ರಾಜಮ್ಮನವರು. ಇವತ್ತಿನ ಮಾತು ಅವರ ಬಗ್ಗೆ.

ಅದಕ್ಕೆ ಮುಂಚೆ ಒಂದು ವಿಷಯ ಹೇಳಬೇಕು. ಕುಂತಿ ನಮ್ಮ ಸೀಮೆಗೆ ಹೊರಗಿನವಳಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರನಗರ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅರಗಿನ ಮನೆಯಿಂದ ತಪ್ಪಿಸಿಕೊಂಡು ಬಂದ ಕುಂತಿ ಐದು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಒಬ್ಬರ ಮನೆಯಲ್ಲಿ ತಂಗಿದ್ದಳು. ಆ ಮನೆಯ ಮಗ ಬಕಾಸುರನ ಬಾಯಿಗೆ ಹೋಗುವ ಸರದಿ ಬಂದಾಗ, ನನಗೆ ಐವರಿದ್ದಾರೆ, ಒಬ್ಬನನ್ನು ಕಳಿಸುತ್ತೇನೆ ಎಂದವಳು ಅವಳು. ಕೈವಾರದ ಬೆಟ್ಟ, ಭೀಮಲಿಂಗೇಶ್ವರನ ಗುಡಿ ಎಲ್ಲವೂ ಆ ಕಥೆಗೆ ಅಂಟಿಕೊಂಡಿವೆ. ಗೌರಿಬಿದನೂರು ತಾಲ್ಲೂಕಿಗೆ ಹೋದರೆ ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥ. ವಿದುರ ನೆಟ್ಟ ಅರಳಿ ಮರದ ಊರು ಎಂಬ ನಂಬಿಕೆ. ಮಕ್ಕಳು ಕಾಡಿಗೆ ಹೋದ ಮೇಲೆ ಕುಂತಿ ಉಳಿದದ್ದು ಆ ವಿದುರನ ಮನೆಯಲ್ಲಿ. ಹೀಗೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಎರಡು ತುದಿಯಲ್ಲೂ ಆ ತಾಯಿಯ ಹೆಜ್ಜೆ ಇದೆ. ಅವಳು ರಂಗದ ಮೇಲೆ ಬಂದಾಗ ನಮ್ಮ ಹೆಂಗಸರು ಸೆರಗು ಸರಿಮಾಡಿಕೊಂಡು ಕೂರುವುದು ಸುಮ್ಮನೆ ಅಲ್ಲ.

ರಾಜಮ್ಮನವರು ಹುಟ್ಟಿದ್ದು 1921ರಲ್ಲಿ, ಬೆಂಗಳೂರಿಗೆ ಹತ್ತಿರದ ಅಗಂಡನಹಳ್ಳಿಯಲ್ಲಿ. ಬೆಳೆದದ್ದು ಕಂಪನಿ ನಾಟಕದಲ್ಲಿ. ಆಗಿನ ಕಾಲಕ್ಕೆ ಹೆಣ್ಣುಮಗಳೊಬ್ಬಳು ಕಂಪನಿಗೆ ಸೇರುವುದೆಂದರೆ ಏನು ಎಂದು ಇವತ್ತು ಊಹಿಸುವುದು ಕಷ್ಟ. ಅದಕ್ಕೆ ಸ್ವಲ್ಪ ಹಿಂದಿನವರೆಗೂ ಹೆಣ್ಣು ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ಮೀಸೆ ಚಿಗುರದ ಹುಡುಗರನ್ನು ಹುಡುಕಿ, ಜಡೆ ಕಟ್ಟಿ, ಸೀರೆ ಉಡಿಸಿ, ದನಿ ಒಡೆಯುವ ತನಕ ಅವರಿಂದ ಶಕುಂತಲೆ, ಸುಭದ್ರೆ ಆಡಿಸುವುದು ರೂಢಿ. ಗುಬ್ಬಿ ವೀರಣ್ಣನವರಂಥವರು ಧೈರ್ಯ ಮಾಡಿ ಹೆಣ್ಣುಮಕ್ಕಳನ್ನೇ ರಂಗಕ್ಕೆ ತಂದರು. ಬಿ. ಜಯಮ್ಮ, ಮಳವಳ್ಳಿ ಸುಂದರಮ್ಮ ಮೊದಲಾದವರು ಹಾಗೆ ಬೆಳಕಿಗೆ ಬಂದವರು. ಜನ ಟಿಕೆಟ್ಟು ಕೊಂಡು ನುಗ್ಗಿ ನೋಡಿದರು. ಆದರೆ ಅದೇ ಜನ ತಮ್ಮ ಬೀದಿಯಲ್ಲಿ ಅವರಿಗೆ ಬಾಡಿಗೆಗೆ ಮನೆ ಕೊಡಲು ಹಿಂದೆಮುಂದೆ ನೋಡಿದರು. ಈ ನೋವನ್ನು ಆ ತಲೆಮಾರಿನ ನಟಿಯರೆಲ್ಲ ಉಂಡವರೇ.

ರಾಜಮ್ಮನವರು ಸೇರಿದ್ದು ಚಂದ್ರಕಲಾ ನಾಟಕ ಮಂಡಳಿಯನ್ನು. ಅದನ್ನು ಕಟ್ಟಿದವರು ಮಹಮದ್ ಪೀರ್. ಗೌತಮ ಬುದ್ಧ, ಶಾಹಜಹಾನ್, ಸಂಸಾರ ನೌಕ ಆ ಕಂಪನಿಗೆ ಹೆಸರು ತಂದ ನಾಟಕಗಳು. ಪೀರ್ ಸಾಹೇಬರು ಹೆಚ್ಚು ದಿನ ಬದುಕಲಿಲ್ಲ. ಆದರೆ ಅವರು ಕನ್ನಡ ಕಂಪನಿ ನಾಟಕಕ್ಕೆ ಹೊಸ ದಾರಿ ತೋರಿಸಿ ಹೋದರು. ಸುತ್ತ ಎಲ್ಲಾ ಕಡೆ ಕಿರೀಟ, ಭುಜಕೀರ್ತಿ, ಗದೆ. ಇಂದ್ರಸಭೆಯ ಪರದೆ, ಅರಮನೆಯ ಪರದೆ, ಕಾಡಿನ ಪರದೆ. ಅದರ ನಡುವೆ ಸಂಸಾರ ನೌಕದಲ್ಲಿ ಸಾಧಾರಣ ಮನೆಯೊಂದು ರಂಗಕ್ಕೆ ಬಂತು. ಅದನ್ನು ಬರೆದವರು ಅದೇ ಕಂಪನಿಯಲ್ಲಿದ್ದ ಎಚ್.ಎಲ್.ಎನ್. ಸಿಂಹ. ಮನೆಯ ಹಿರಿಯನ ಮಾತು ಮೀರಿ ಮದುವೆಯಾದ ಹುಡುಗ, ಆಸ್ತಿ ತಪ್ಪಿ ಬೀದಿಗೆ ಬಿದ್ದ ಸಂಸಾರ, ಅವನನ್ನು ನಂಬಿ ಬಂದ ಹೆಂಡತಿಯ ಪಾಡು.

ಕಂಪನಿಯ ನಟಿಗೆ ಕಲಿಸುತ್ತಿದ್ದ ಮೊದಲ ಪಾಠವೆಂದರೆ ದನಿ. ಮೈಕಿಲ್ಲದ ಕಾಲ. ತಗಡಿನ ಥಿಯೇಟರಿನ ಕೊನೆಯ ಬೆಂಚಿನಲ್ಲಿ, ಅದರಾಚೆ ನೆಲದಲ್ಲಿ ಕೂತವನಿಗೂ ಮಾತು ಮುಟ್ಟಬೇಕು. ಮುಟ್ಟಿದರೆ ಸಾಲದು, ಅಳುವಾಗಲೂ ಅಕ್ಷರ ಅಕ್ಷರ ಬಿಡಿಯಾಗಿ ಕೇಳಬೇಕು. ಬೆಳಗಿನ ಜಾವ ಎದ್ದು ಸಾಧನೆ. ಏರು ಶ್ರುತಿಗೆ ಗಂಟಲು ಹದ ಮಾಡಿಕೊಳ್ಳುವುದು. ಮಾತಿನಿಂದ ಹಾಡಿಗೆ, ಹಾಡಿನಿಂದ ಮಾತಿಗೆ ಜಾರುವಾಗ ಉಸಿರು ಎಲ್ಲಿ ಕದಿಯಬೇಕು ಎಂಬ ಲೆಕ್ಕ. ಒಂದು ನಾಟಕದಲ್ಲಿ ತನ್ನ ಪಾತ್ರದ ಮಾತಷ್ಟೇ ಬಂದರೆ ಅವಳು ಅರ್ಧ ನಟಿ. ಎದುರಿನವರ ಮಾತೂ ಬರಬೇಕು. ಯಾರಿಗೋ ಜ್ವರ ಬಂದರೆ ಅವತ್ತು ಅವರ ಪಾತ್ರಕ್ಕೂ ನಿಲ್ಲಬೇಕು. ನಮ್ಮೂರಿಗೆ ಬಂದ ಕುಂತಿ ಕರ್ಣನ ಕಿವಿಯಲ್ಲಿ ಹೇಳಿಕೊಟ್ಟದ್ದು ಈ ಪಾಠವನ್ನೇ. ಯಾವ ಪುಸ್ತಕದಲ್ಲೂ ಇಲ್ಲದ ಪಾಠ ಅದು. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುತ್ತಾ ಉಳಿದು ಬಂದದ್ದು.

ಕನ್ನಡಕ್ಕೆ ಮಾತಿನ ಸಿನಿಮಾ ಬಂದದ್ದು 1934ರಲ್ಲಿ, ಸತಿ ಸುಲೋಚನದಿಂದ. ಅದರಲ್ಲಿ ರಾವಣನಾದವರು ಆರ್. ನಾಗೇಂದ್ರರಾಯರು, ಇಂದ್ರಜಿತುವಾದವರು ಸುಬ್ಬಯ್ಯನಾಯ್ಡು, ಸುಲೋಚನೆ ತ್ರಿಪುರಾಂಬ, ಮಂಡೋದರಿ ಲಕ್ಷ್ಮೀಬಾಯಿ. ಅಲ್ಲಿ ಕೇಳಿಬಂದದ್ದು ರಂಗಭೂಮಿಯ ದನಿಯೇ. ಚಿತ್ರ ತಯಾರಾದದ್ದೂ ಕೊಲ್ಲಾಪುರದಲ್ಲಿ. ನಮ್ಮಲ್ಲಿ ಸ್ಟುಡಿಯೋ ಎಂಬುದೇ ಇರಲಿಲ್ಲ. ಎರಡು ವರ್ಷ ಕಳೆದು, 1936ರಲ್ಲಿ, ಮದರಾಸಿನ ದೇವಿ ಫಿಲಂಸ್‌ನವರು ಸಂಸಾರ ನೌಕವನ್ನು ಸಿನಿಮಾ ಮಾಡಿದರು. ನಿರ್ದೇಶನ ಸಿಂಹ ಅವರದೇ. ನಾಯಕ ಬಿ.ಆರ್. ಪಂತುಲು. ನಾಯಕಿ ರಾಜಮ್ಮ. ಕನ್ನಡದ ಮೊದಲ ಸಾಮಾಜಿಕ ಚಿತ್ರ ಅದು.

ಪಂತುಲು ಅವರ ಬಗ್ಗೆ ನಮ್ಮ ಕಡೆಯ ಕೇಳುಗರಿಗೆ ಒಂದು ಮಾತು. ಅವರ ಹೆಸರಿನ ಮೊದಲಕ್ಷರ ಬೂದುಗೂರಿನದು. ಅದು ಕುಪ್ಪಂ ಕಡೆ, ಕೋಲಾರದ ಗಡಿಗೆ ಅಂಟಿಕೊಂಡ ಸೀಮೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ನಾವೂ ಕೋಲಾರದವರೇ ಆಗಿದ್ದೆವಲ್ಲ. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಎಂದು ಬೆಳೆಯುವ ಮಣ್ಣು ಇದು. ಪಂತುಲು ಮುಂದೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಸಲೀಸಾಗಿ ಚಿತ್ರ ಮಾಡಿದ್ದು ನಮಗೆ ಆಶ್ಚರ್ಯ ತರುವುದಿಲ್ಲ.

ಹದಿನೈದರ ಆಸುಪಾಸಿನ ರಾಜಮ್ಮ ಕ್ಯಾಮೆರಾದ ಮುಂದೆ ನಿಂತ ಆ ಗಳಿಗೆಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದೇನೆ. ಕಿರೀಟವಿಲ್ಲ, ಜರಿಯಂಚಿನ ರವಿಕೆಯಿಲ್ಲ. ನಿಮ್ಮ ನನ್ನ ಮನೆಯ ಸೊಸೆ ಉಡುವಂಥ ಸೀರೆ. ತಗಡಿನ ಥಿಯೇಟರಿನ ಕೊನೆಯ ಬೆಂಚಿಗೆ ಎಸೆಯಲು ಕಲಿತ ದನಿಯನ್ನು ಈಗ ಕೈಯಳತೆಯಲ್ಲಿರುವ ಮೈಕಿಗೆ ಹೇಳಬೇಕು. ಸಾವಿರ ಜನದ ಉಸಿರು ಎದುರಿಗಿಲ್ಲ, ಕಣ್ಣು ಕುಕ್ಕುವ ದೀಪಗಳಿವೆ. ಆಗೆಲ್ಲ ಹಾಡನ್ನೂ ನಟ ನಟಿಯರೇ ಹಾಡಿಕೊಳ್ಳಬೇಕಿತ್ತು. ಕಲಿತದ್ದನ್ನು ಬಿಡದೆ ತಗ್ಗಿಸಬೇಕು. ದನಿ ಏರಿಸುವುದನ್ನು ಕಲಿಸಲು ಮೇಷ್ಟ್ರಿದ್ದರು. ತಗ್ಗಿಸುವುದನ್ನು ಕಲಿಸುವವರು ಆಗ ಯಾರೂ ಇರಲಿಲ್ಲ. ಆ ತಲೆಮಾರಿನವರು ಅದನ್ನು ತಾವೇ ಕಲಿತರು. ಎಷ್ಟೋ ಒಳ್ಳೆಯ ರಂಗನಟರು ಅಲ್ಲೇ ಸೋತರು. ರಾಜಮ್ಮ ಗೆದ್ದರು ಎಂಬುದಕ್ಕೆ ಅವರ ಮುಂದಿನ ನಾಲ್ಕು ದಶಕವೇ ಸಾಕ್ಷಿ.

ಕನ್ನಡದಲ್ಲಿ ಆಗ ವರ್ಷಕ್ಕೆ ಒಂದೋ ಎರಡೋ ಚಿತ್ರ, ಕೆಲವು ವರ್ಷ ಅದೂ ಇಲ್ಲ. ಹೊಟ್ಟೆಪಾಡು ಮದರಾಸಿನಲ್ಲಿ. ರಾಜಮ್ಮ ತಮಿಳಿಗೆ ಹೋದರು. 1940ರಲ್ಲಿ ಪಿ.ಯು. ಚಿನ್ನಪ್ಪ ಅವರ ಎದುರು ಉತ್ತಮ ಪುತ್ತಿರನ್. ಮರುವರ್ಷ ಗುಮಾಸ್ತಾವಿನ್ ಪೆಣ್. ಎರಡೂ ಹೆಸರು ಮಾಡಿದವು. ಎರಡನೆಯದು ಬಡ ಗುಮಾಸ್ತನ ಹೆಣ್ಣುಮಕ್ಕಳ ಮದುವೆಯ ಕಥೆ. ಸಂಸಾರ ನೌಕದಲ್ಲಿ ಪಳಗಿದವರಿಗೆ ಅದು ಗುರುತಿನ ಮನೆಯೇ.

ಈಗ 1943ಕ್ಕೆ ಬರುತ್ತೇನೆ. ಯುದ್ಧದ ಕಾಲ. ಕಚ್ಚಾ ಫಿಲಮ್ಮಿಗೆ ಸರ್ಕಾರದ ಲೈಸೆನ್ಸು, ಸಿಕ್ಕಿದರೂ ಅಳತೆ ಮಾಡಿ ಕೊಡುತ್ತಿದ್ದರು. ದೊಡ್ಡ ದೊಡ್ಡ ಸಾಹುಕಾರರೇ ಕನ್ನಡ ಚಿತ್ರಕ್ಕೆ ದುಡ್ಡು ಹಾಕಲು ಅಂಜುತ್ತಿದ್ದ ಹೊತ್ತಿನಲ್ಲಿ ಇಪ್ಪತ್ತೆರಡರ ಹರೆಯದ ಈ ಹೆಣ್ಣುಮಗಳು ತಾನೇ ನಿರ್ಮಾಪಕಿಯಾಗಿ ರಾಧಾ ರಮಣ ತೆಗೆದರು. ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ. ತಮಿಳಿನಲ್ಲಿ ಹೆಸರು ಬಂದಿತ್ತು, ಅಲ್ಲೇ ಇದ್ದಿದ್ದರೆ ಅವರಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಕನ್ನಡಕ್ಕೇ ದುಡ್ಡು ಹಾಕಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅದೇ ಚಿತ್ರದಲ್ಲಿ ಇಬ್ಬರು ಹೊಸಬರು ಮೊದಲ ಸಲ ಪರದೆಯ ಮೇಲೆ ಕಾಣಿಸಿಕೊಂಡರು. ಒಬ್ಬರು ಜಿ.ವಿ. ಅಯ್ಯರ್, ನಾಲ್ಕು ದಶಕ ಕಳೆದು ಆದಿ ಶಂಕರಾಚಾರ್ಯ ಎಂಬ ಸಂಸ್ಕೃತ ಚಿತ್ರ ಮಾಡಿದವರು. ಇನ್ನೊಬ್ಬರು ಟಿ.ಎನ್. ಬಾಲಕೃಷ್ಣ, ನಮ್ಮೆಲ್ಲರ ಬಾಲಣ್ಣ. ಆಮೇಲೆ ಅಭಿಮಾನ್ ಸ್ಟುಡಿಯೋ ಕಟ್ಟಿದವರು. ಈ ಇಬ್ಬರಿಗೂ ಬಾಗಿಲು ತೆರೆದ ಚಿತ್ರವನ್ನು ಒಬ್ಬ ನಾಟಕದ ಹೆಣ್ಣುಮಗಳು ತೆಗೆದಳು ಎಂಬುದನ್ನು ನಮ್ಮ ಶಾಲೆಯ ಪಾಠದಲ್ಲಿ ಯಾರೂ ಹೇಳಲಿಲ್ಲ. ನಾನು ತಿಳಿದದ್ದು ತೀರಾ ತಡವಾಗಿ.

ನಾನು ರಾಜಮ್ಮನವರನ್ನು ಮೊದಲು ನೋಡಿದ್ದು ಟೆಂಟಿನಲ್ಲಿ. ಸಂಜೆ ಟೆಂಟಿನ ಮೇಲಿನ ಸ್ಪೀಕರಿನಲ್ಲಿ ಘಂಟಸಾಲ ಅವರ ವೆಂಕಟೇಶನ ಹಾಡು ಹಾಕಿದರೆ ಸುತ್ತಲ ಹಳ್ಳಿಗೆಲ್ಲ ಆಟ ಶುರುವಾಗುತ್ತದೆಂದು ಗೊತ್ತಾಗುತ್ತಿತ್ತು. ಅಮ್ಮ ಮುದ್ದೆ ಕಟ್ಟುವುದನ್ನು ಅವಸರ ಮಾಡುತ್ತಿದ್ದಳು. ನೆಲದ ಟಿಕೆಟ್ಟು. ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುವುದು. ಚಿತ್ರ ಸ್ಕೂಲ್ ಮಾಸ್ಟರ್. 1958ರದು, ನಮ್ಮ ಟೆಂಟಿಗೆ ಬಂದದ್ದು ಹದಿನೈದು ವರ್ಷದ ಮೇಲೆ, ರೀಲಿನ ತುಂಬಾ ಮಳೆ ಗೆರೆ. ಪಂತುಲು ಅವರೇ ನಿರ್ದೇಶಕರು, ಅವರೇ ಮೇಷ್ಟ್ರು ರಂಗಣ್ಣ. ಅವರ ಹೆಂಡತಿಯಾಗಿ ರಾಜಮ್ಮ. ಬಿ. ಸರೋಜಾದೇವಿ, ಉದಯಕುಮಾರ್, ಕಲ್ಯಾಣಕುಮಾರ್, ನರಸಿಂಹರಾಜು ಎಲ್ಲರೂ ಇದ್ದರು. ಅತಿಥಿಯಾಗಿ ಶಿವಾಜಿ ಗಣೇಶನ್. ಊರಿನ ಮಕ್ಕಳನ್ನೆಲ್ಲ ಮನುಷ್ಯರನ್ನಾಗಿ ಮಾಡಿದ ಮೇಷ್ಟ್ರಿಗೆ ಕೊನೆಗಾಲದಲ್ಲಿ ಹೆತ್ತ ಮಕ್ಕಳ ಮನೆಯಲ್ಲೇ ಜಾಗವಿಲ್ಲದಂತಾಗುವ ಕಥೆ.

ಆ ಚಿತ್ರದಲ್ಲಿ ಗಂಡ ದೊಡ್ಡ ದೊಡ್ಡ ಮಾತಾಡುತ್ತಾನೆ. ನೀತಿ ಹೇಳುತ್ತಾನೆ, ಕೋಪಿಸಿಕೊಳ್ಳುತ್ತಾನೆ, ಕಂಪನಿ ನಾಟಕದ ಗತ್ತು ಅವನ ಮಾತಿನಲ್ಲಿ ಉಳಿದಿದೆ. ಹೆಂಡತಿ ಮಾತಾಡುವುದು ಕಡಿಮೆ. ಅವಳು ನಿಂತು ನೋಡುತ್ತಾಳೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚುತ್ತಾಳೆ. ಮಗ ಸೊಸೆಯ ಮಾತು ಕಿವಿಗೆ ಬಿದ್ದರೂ ಬೀಳಲಿಲ್ಲವೆಂಬಂತೆ ಇರುವುದು ಹೇಗೆ ಎಂದು ಆ ಮುಖಕ್ಕೆ ಗೊತ್ತಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮ, “ನಿಮ್ಮಜ್ಜಿ ಹಿಂಗೇ ನೋಡ್ತಿದ್ಲು” ಎಂದು ಪಿಸುಗುಟ್ಟಿದಳು. ರೀಲು ಬದಲಾಯಿಸಲು ದೀಪ ಹಾಕಿದಾಗ ನೋಡಿದರೆ ಸುತ್ತಲಿನ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು, ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈ ಚಿತ್ರ ಕನ್ನಡದಲ್ಲಷ್ಟೇ ನಿಲ್ಲಲಿಲ್ಲ. ಹಿಂದಿಗೆ, ಮಲಯಾಳಕ್ಕೆ, ತಮಿಳಿಗೆ ಹೋಯಿತು. ತೆಲುಗಿನಲ್ಲಿ 1972ರಲ್ಲಿ ಎನ್.ಟಿ. ರಾಮರಾಯರು ಬಡಿ ಪಂತುಲು ಎಂದು ಮಾಡಿದರು; ಅದು ಚಿಂತಾಮಣಿ, ಬಾಗೇಪಲ್ಲಿ ಕಡೆಯ ಟೆಂಟುಗಳಲ್ಲಿ ಎಷ್ಟು ದಿನ ಓಡಿತೆಂದು ನಮ್ಮ ಕಡೆಯ ಹಿರಿಯರನ್ನು ಕೇಳಿ. ತೆಲುಗಿನ ಅಮ್ಮನನ್ನು ನೋಡಿ ಬಂದ ನಮ್ಮ ಚಿಕ್ಕಮ್ಮನೊಬ್ಬರು, “ಬಾಗುಂದಿ, ಆದರೆ ನಮ್ಮ ರಾಜಮ್ಮನ ಹಂಗೆ ಸುಮ್ಮನಿರೋಕೆ ಬರಲ್ಲ” ಎಂದಿದ್ದರು. ಸುಮ್ಮನಿರುವುದೂ ಒಂದು ವಿದ್ಯೆ ಎಂದು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ.

ಆ ಮಾತಿಗೆ ದೂರದ ಒಂದು ದೇಶದಿಂದ ಜೊತೆ ಸಿಕ್ಕಿತು. ನಾರ್ವೆ ಎಂಬ ಚಳಿ ದೇಶದ ನಟಿ ಲಿವ್ ಉಲ್ಮನ್. ಅವರೂ ಮೊದಲು ರಂಗದವರು; ಸ್ಟವಾಂಗರ್ ಎಂಬ ಊರಿನ ಥಿಯೇಟರಿನಲ್ಲಿ ಪಳಗಿ ಸಿನಿಮಾಕ್ಕೆ ಬಂದವರು. ಇಬ್ಸೆನ್ ಬರೆದ ನೋರಾಳನ್ನು, ಗಂಡನ ಮನೆಯ ಬಾಗಿಲು ಹಾಕಿ ಹೊರಟ ಆ ಹೆಣ್ಣನ್ನು, ರಂಗದ ಮೇಲೆ ಆಡಿದವರು. 1966ರಲ್ಲಿ ನಿರ್ದೇಶಕ ಬರ್ಗ್‌ಮನ್ ಅವರ ಪರ್ಸೋನಾ ಚಿತ್ರದಲ್ಲಿ ಅವರದು ಒಬ್ಬ ರಂಗನಟಿಯ ಪಾತ್ರ. ಆ ನಟಿ ನಾಟಕ ಆಡುತ್ತಾ ಆಡುತ್ತಾ ರಂಗದ ಮೇಲೆಯೇ ಮಾತು ನಿಲ್ಲಿಸಿಬಿಡುತ್ತಾಳೆ. ಆಮೇಲೆ ಚಿತ್ರವೆಲ್ಲ ಅವಳು ಹೆಚ್ಚುಕಡಿಮೆ ಮೌನ. ಪರದೆಯ ತುಂಬಾ ಮುಖ ಮಾತ್ರ. ಅದನ್ನು ನೋಡುವಾಗ ನನಗೆ ನೆನಪಾದದ್ದು ಕುಂತಿ. ಕರ್ಣ ಮೊದಲ ಸಲ ರಾಜಕುಮಾರರ ಪರೀಕ್ಷಾ ರಂಗಕ್ಕೆ ಬಂದು ನಿಂತಾಗ, ನಿನ್ನ ಕುಲ ಯಾವುದು ಎಂದು ಅವನನ್ನು ತುಂಬಿದ ಸಭೆಯಲ್ಲಿ ಕೇಳಿದಾಗ, ಉತ್ತರ ಗೊತ್ತಿದ್ದವಳು ಒಬ್ಬಳೇ. ಅವಳು ಮಾತಾಡಲಿಲ್ಲ. ಮೂರ್ಛೆ ಹೋದಳು. ಎಚ್ಚರಾದ ಮೇಲೂ ಮಾತಾಡಲಿಲ್ಲ. ಯುದ್ಧ ಕಣ್ಣೆದುರಿಗೆ ಬರುವ ತನಕ ಆ ಮಾತು ಅವಳ ಗಂಟಲಲ್ಲೇ ಇತ್ತು.

1964ರಲ್ಲಿ ಪಂತುಲು ಅವರು ತಮಿಳಿನಲ್ಲಿ ಕರ್ಣನ್ ತೆಗೆದರು. ಶಿವಾಜಿ ಗಣೇಶನ್ ಕರ್ಣ, ಎನ್.ಟಿ. ರಾಮರಾಯರು ಕೃಷ್ಣ. ಕುಂತಿ ಎಂ.ವಿ. ರಾಜಮ್ಮ. ಶಿವಾಜಿಯವರ ದನಿ ಹೇಗಿತ್ತೆಂದು ನಿಮಗೆಲ್ಲ ಗೊತ್ತು. ಅವರೂ ನಾಟಕದಿಂದ ಬಂದವರು, ಮಾತನ್ನು ಬಾಣದ ಹಾಗೆ ಬಿಡುವವರು. ಅಂಥವರ ಎದುರು ನಿಂತು ತಾಯಿ ತಾನು ತಾಯಿಯೆಂದು ಹೇಳಬೇಕು. ಆ ದೃಶ್ಯದಲ್ಲಿ ರಾಜಮ್ಮ ದನಿಗೆ ದನಿ ಏರಿಸುವುದಿಲ್ಲ. ತಪ್ಪಿತಸ್ಥೆಯ ಹಾಗೆ ನಿಲ್ಲುತ್ತಾರೆ. ಹೇಳಿಕೊಳ್ಳಲು ಬಂದವಳು ಕೇಳಿಕೊಳ್ಳಲೂ ಬಂದಿದ್ದಾಳೆ, ಒಬ್ಬ ಮಗನ ಹತ್ತಿರ ಉಳಿದ ಮಕ್ಕಳ ಜೀವ ಬೇಡಲು ಬಂದಿದ್ದಾಳೆ. ಆ ನಾಚಿಕೆ ಆ ಕಣ್ಣಿನಲ್ಲಿದೆ. ನಮ್ಮ ಹಳ್ಳಿಯ ನಾಟಕಗಳಲ್ಲಿ ಕುಂತಿ ಗೋಳೋ ಎಂದು ಅಳುವುದನ್ನೇ ನೋಡಿದ್ದ ನನಗೆ ಈ ನಾಚಿಕೆ ಹೊಸದು. ಭಾಷೆ ತಮಿಳು. ಆದರೆ ನಿಲುವು ನಮ್ಮ ಕಂಪನಿ ನಾಟಕದ್ದೇ ಎಂದು ನನಗೆ ಅನ್ನಿಸುತ್ತದೆ. ಮೂವತ್ತು ವರ್ಷ ಒಂದು ದನಿಯನ್ನು ಪಳಗಿಸಿದವರಿಗೆ ಮಾತ್ರ ಅದನ್ನು ಅಷ್ಟು ಹಿಡಿದಿಡಲು ಬರುತ್ತದೆ.

ಉಳಿದದ್ದನ್ನು ಬೇಗ ಹೇಳಿ ಮುಗಿಸಬಹುದು. ಕಿತ್ತೂರು ಚೆನ್ನಮ್ಮ ಚಿತ್ರದಲ್ಲಿ ಇದ್ದರು, ರಾಜ್‌ಕುಮಾರ್ ಅವರ ತಾಯಿಯಾದರು, ಮೂರು ಭಾಷೆಯಲ್ಲಿ ಯಾರು ಯಾರದೋ ಅಮ್ಮನಾದರು. 1974ರಲ್ಲಿ ಪಂತುಲು ತೀರಿಕೊಂಡರು. 90ರ ದಶಕದ ಕೊನೆಯಲ್ಲಿ ರಾಜಮ್ಮನವರೂ ಹೋದರು.

ಅಮ್ಮನ ಪಾತ್ರ ಎಂದರೆ ನಾಯಕಿಯ ಕಾಲ ಮುಗಿದವರಿಗೆ ಉಳಿದ ಜಾಗ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಂಢರಿಬಾಯಿಯವರನ್ನು ನೋಡಿ. ಭಟ್ಕಳದಲ್ಲಿ ಹುಟ್ಟಿ, ಹರಿಕಥೆ ಹೇಳುತ್ತಾ ಬೆಳೆದವರು. 1943ರಲ್ಲಿ ವಾಣಿ ಚಿತ್ರದಿಂದ ಬಂದರು. 1954ರ ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರ್ ಮೊದಲ ಸಲ ನಾಯಕನಾದಾಗ ಅವರ ಹೆಂಡತಿಯಾಗಿ ನಿಂತವರು ಆಕೆ. 1986ರ ಅನುರಾಗ ಅರಳಿತು ಚಿತ್ರದಲ್ಲಿ ಅದೇ ರಾಜ್‌ಕುಮಾರ್ ಅವರಿಗೆ ತಾಯಿ. ಗಂಡಸಿಗೆ ಮೂವತ್ತು ವರ್ಷ ಕಳೆದರೂ ವಯಸ್ಸಾಗಲಿಲ್ಲ, ಹೆಂಗಸಿಗೆ ಒಂದು ತಲೆಮಾರು ದಾಟಿತು. ಇದು ಅನ್ಯಾಯವೇ. ಆದರೂ ಆ ಅನ್ಯಾಯದ ಒಳಗೆ ನಿಂತು ಆ ಹೆಂಗಸರು ಮಾಡಿದ ಕೆಲಸ ಸಣ್ಣದಲ್ಲ. ನಾಯಕನ ಮಾತಿಗೆ ತೂಕ ಬರುತ್ತಿದ್ದುದು ಎದುರಿಗೆ ನಿಂತು ಕೇಳಿಸಿಕೊಳ್ಳುವ ಅಮ್ಮನಿಂದ. ಉಮಾಶ್ರೀಯವರು ಇನ್ನೂ ಹರೆಯದಲ್ಲೇ ದೇವನೂರ ಮಹಾದೇವ ಅವರ ಒಡಲಾಳದ ಸಾಕವ್ವ ಆದರು. ಕಳೆದುಹೋದ ಹುಂಜಕ್ಕಾಗಿ ಬೈದು, ಅತ್ತು, ಊರು ಸುತ್ತುವ ಆ ಮುದುಕಿಯನ್ನು ರಂಗದ ಮೇಲೆ ಕಂಡವರು ಇವತ್ತಿಗೂ ಮರೆತಿಲ್ಲ. ಎಷ್ಟೋ ವರ್ಷ ಸಿನಿಮಾ ಅವರನ್ನು ನಗಿಸುವ ಪಾತ್ರಗಳಿಗೇ ಕಟ್ಟಿಹಾಕಿತ್ತು. ಕೊನೆಗೆ ಗಿರೀಶ್ ಕಾಸರವಳ್ಳಿಯವರ ಗುಲಾಬಿ ಟಾಕೀಸ್‌ನಲ್ಲಿ ಸೂಲಗಿತ್ತಿ ಗುಲಾಬಿಯಾಗಿ ರಾಷ್ಟ್ರಪ್ರಶಸ್ತಿ ತಂದರು. ಸಾಕವ್ವನನ್ನು ಆಡಿದ್ದ ದನಿ ಅಲ್ಲೂ ಇದೆ, ತಗ್ಗಿಸಿಕೊಂಡು.

ನಾನು ಈಗಲೂ ನಮ್ಮ ಕಡೆಯ ಕುರುಕ್ಷೇತ್ರ ನೋಡಲು ಹೋಗುತ್ತೇನೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಗೋಡೆಗೆ, ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿಗೆ ಅಂಟಿಸಿದ ಪೋಸ್ಟರ್ ಕಂಡರೆ ದಿನಾಂಕ ಗುರುತು ಹಾಕಿಕೊಳ್ಳುತ್ತೇನೆ. ಸೀನರಿ ಈಗ ಥಳಥಳ ಹೊಳೆಯುತ್ತದೆ, ಬಣ್ಣಬಣ್ಣದ ಲೈಟು, ಕೊರಳಿಗೇ ಕಟ್ಟಿಕೊಂಡ ಮೈಕು. ಗಂಡಸರ ಫೋಟೋ, ಹೆಸರು, ಅಪ್ಪನ ಹೆಸರು, ಊರಿನ ಹೆಸರು ಪೋಸ್ಟರಿನ ತುಂಬಾ. ಹೆಣ್ಣು ಪಾತ್ರದವರ ಹೆಸರು ಕೆಳಗೆ ಒಂದು ಮೂಲೆಯಲ್ಲಿ. ಬರುವುದು ಮಾತ್ರ ಅದೇ ರೀತಿ: ನಾಟಕದ ದಿನ, ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ನಾಲ್ಕು ಸೀರೆ, ಸವುರಿ, ಗಿಲೀಟಿನ ಒಡವೆ, ಗಂಟಲಿಗೆ ಕಲ್ಲುಸಕ್ಕರೆ. ಎರಡು ಊರಿನ ಹಾರ್ಮೋನಿಯಂ ಮೇಷ್ಟ್ರು ಒಂದೇ ಪದ್ಯವನ್ನು ಎರಡು ಮಟ್ಟಿನಲ್ಲಿ ಹೇಳಿಕೊಟ್ಟಿರುತ್ತಾರೆ. ಇವರು ಎರಡನ್ನೂ ಬಲ್ಲವರು. ಕರ್ಣ ಕನ್ನಡದಲ್ಲಿ ಹಾಡಿದರೆ ಕನ್ನಡ, ಬಾಗೇಪಲ್ಲಿ ಕಡೆ ತೆಲುಗು ಪದ್ಯ ಎತ್ತಿದರೆ ತೆಲುಗು.

ಹೋದ ಬೇಸಿಗೆಯಲ್ಲಿ ಕೈವಾರದ ಹತ್ತಿರದ ಹಳ್ಳಿಯೊಂದರಲ್ಲಿ ನಾಟಕ. ಕುಂತಿ ಬರುವ ಹೊತ್ತಿಗೆ ಬೆಳಗಿನ ಮೂರು ಗಂಟೆ. ಅರ್ಧ ಜನ ಅಲ್ಲೇ ಚಾಪೆ ಹಾಸಿ ಮಲಗಿದ್ದರು. ಆಕೆ “ಕರ್ಣಾ” ಎಂದು ಕರೆದರು, ಮೈಕಿನಿಂದ ಒಂದಿಷ್ಟು ದೂರ ಸರಿದು. ಅಷ್ಟು ಮೆಲ್ಲಗೆ ಕರೆದದ್ದಕ್ಕೇ ಮಲಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಕೂತರು.

ನಾಟಕ ಮುಗಿದು ಮಂಗಳ ಹಾಡುವಾಗ ನಾನು ಹಿಂದಿನ ಕೋಣೆಗೆ ಹೋದೆ. ಆಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ನನ್ನ ಅಮ್ಮನ ಕಥೆ, ಬಿಸಿನೀರಿನ ಕಥೆ ಹೇಳಿದೆ. ನಕ್ಕರು. ರಾಜಮ್ಮನವರ ಹೆಸರು ಹೇಳಿದೆ. ಒಂದು ಗಳಿಗೆ ಕೈ ನಿಲ್ಲಿಸಿ, “ನಮ್ಮಮ್ಮ ಹೇಳ್ತಿದ್ರು ಅವರ ಹೆಸರ. ನಮ್ಮಮ್ಮನೂ ಕಂಪನೀಲಿದ್ದೋರು” ಅಂದರು. ಆಮೇಲೆ ಚೀಲದ ಬಾಯಿ ಕಟ್ಟುತ್ತಾ ಕೇಳಿದರು:

“ಬೆಂಗಳೂರಿಗೆ ಮೊದಲ ಬಸ್ಸು ಎಷ್ಟೊತ್ತಿಗೆ ಅಕ್ಕಾ? ಸಾಯಂಕಾಲ ಗೌರಿಬಿದನೂರು ಕಡೆ ಇನ್ನೊಂದು ನಾಟಕ ಐತೆ.”